ನಲವತ್ತು ಶಬ್ದ ರಾತ್ರಿ, ನಾಲ್ಕು ಮುಂಜಾನೆ: ಇಂಗ್ಲಿಷಿನ ಕಠಿಣ ಪದಗಳನ್ನು ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

"ಸರ್, ರಾತ್ರಿ ನಲವತ್ತು ಶಬ್ದ ಪಾಠ ಮಾಡಿದ್ದೆರಿ, ಮುಂಜಾನಿ ನಾಕೂ ಉಳಿವಲ್ದು." ಕಲಬುರಗಿಯಲ್ಲಿ ಬ್ಯಾಂಕ್ ಮತ್ತು ಎಸ್‌ಎಸ್‌ಸಿ (ಕೇಂದ್ರ ಸರ್ಕಾರದ ನೌಕರಿ) ಪರೀಕ್ಷೆಗೆ ಕೂತವರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುವ ನನಗೆ ಈ ಮಾತು ವಾರಕ್ಕೆ ಒಮ್ಮೆಯಾದರೂ ಕೇಳಿಬರುತ್ತದೆ. ಹೇಳಿದವರ ನೋಟ್‌ಬುಕ್ ತೆಗೆಸಿ ನೋಡಿದರೆ ಎಲ್ಲರದೂ ಒಂದೇ ನಮೂನೆ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಒಂದು ಗೆರೆ, ಬಲಕ್ಕೆ ಒಂದೇ ಒಂದು ಕನ್ನಡ ಪದ. ಮೊದಲ ಹತ್ತು ಪುಟ ಕೈಯಾಡಿ ಸವೆದಿರುತ್ತವೆ, ಉಳಿದವು ಅಂಗಡಿಯಿಂದ ತಂದಾಗ ಹೇಗಿದ್ದವೋ ಹಾಗೇ ಇರುತ್ತವೆ. ಅಬಾಂಡನ್, ಅಬೇಟ್, ಅಬ್‌ಹಾರ್ ಎಲ್ಲರಿಗೂ ಬರುತ್ತವೆ. ಎಮ್ ಅಕ್ಷರದವರೆಗೆ ತಲುಪಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಇವರಲ್ಲಿ ಬುದ್ಧಿ ಕಡಿಮೆ ಇರುವವರು ಯಾರೂ ಇಲ್ಲ, ಮನೆಯಲ್ಲಿ ಒಂದು ಭಾಷೆ, ಬಜಾರಿನಲ್ಲಿ ಇನ್ನೊಂದು ಆಡುವ ಮಂದಿ ಇವರು. ತಪ್ಪಿರುವುದು ಕೆಲಸದ ಸರದಿ. ಪದವನ್ನು ಎಲ್ಲಿಯೂ ಭೇಟಿಯಾಗದೆ ನೇರ ಬಾಯಿಪಾಠಕ್ಕೆ ಇಳಿಯುತ್ತಾರೆ. ಕೆಳಗಿನ ಹಂತಗಳನ್ನು ಬರೆದ ಸರದಿಯಲ್ಲೇ ಮಾಡಿ.

## ಶುರುವಿಗೆ ಮೊದಲು: ತಳ ನೋಡಿಕೊಳ್ಳಿ

ಯಾವುದಾದರೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ತೆಗೆದು ಮೊದಲ 100 ಪದ ಎಣಿಸಿ ಗೆರೆ ಹಾಕಿ. ಅದರಲ್ಲಿ ಅರ್ಥ ಗೊತ್ತಿಲ್ಲದವು ಎಷ್ಟು? ಇಂಥದನ್ನು ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ನೂರಕ್ಕೆ 98 ಪದ ಗೊತ್ತಿರಬೇಕು ಎಂಬುದು ಶಬ್ದಕಲಿಕೆಯ ಸಂಶೋಧಕ ಪಾಲ್ ನೇಷನ್ ಹಾಕಿದ ಲೆಕ್ಕ. ಅದಕ್ಕೆ 8,000ದಿಂದ 9,000 ಪದಕುಟುಂಬಗಳು ಬೇಕು. ಪದಕುಟುಂಬ ಎಂದರೆ ಡಿಸೈಡ್, ಡಿಸಿಷನ್, ಡಿಸೈಸಿವ್ ಎಲ್ಲ ಸೇರಿ ಒಂದು.

ಅಂಕಿ ನೋಡಿ ಗಾಬರಿ ಬೇಡ. ಗೊತ್ತಿಲ್ಲದವು ಹತ್ತರೊಳಗೆ ಇದ್ದರೆ ಈ ಮಾರ್ಗದರ್ಶಿ ನಿಮಗೇ. ಹದಿನೈದು, ಇಪ್ಪತ್ತು ದಾಟಿದರೆ ಕಠಿಣ ಪದಗಳನ್ನು ಸದ್ಯ ಪಕ್ಕಕ್ಕಿಟ್ಟು ಮೊದಲ ಎರಡು, ಮೂರು ಸಾವಿರ ಸಾಮಾನ್ಯ ಪದಗಳನ್ನು ಗಟ್ಟಿ ಮಾಡಿಕೊಳ್ಳಿ. ತಳ ಇಲ್ಲದ ಕೊಡದಲ್ಲಿ ನೀರು ತುಂಬಿಸಿದ ಹಾಗಾಗುತ್ತದೆ, ಇಲ್ಲವಾದರೆ. ಮೆಟಿಕ್ಯುಲಸ್‌ನಂಥ ದೊಡ್ಡ ಪದ ಗೊತ್ತು, ಆದರೆ ದೋ, ಅನ್‌ಲೆಸ್ ಎಂಬ ಸಣ್ಣ ಪದಗಳಲ್ಲಿ ಎಡವುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

## ಬೇಕಾಗುವ ಸಾಮಾನು

ಒಂದು ಚಪ್ಪಲಿ ಡಬ್ಬಿ, ಅದರಲ್ಲಿ ಐದು ಖಾನೆ ಮಾಡಲು ರಟ್ಟು. ಕಾರ್ಡುಗಳಿಗೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ; ಹಿಂಬದಿ ಖಾಲಿ ಇರುತ್ತದೆ, ಕಾಗದವೂ ದಪ್ಪ. ನಮ್ಮ ಕಡೆ ಒಂದು ಮನೆಯಲ್ಲಿ ವರ್ಷಕ್ಕೆ ಬರುವ ಪತ್ರಿಕೆಗಳೇ ಸಾಕಾಗುತ್ತವೆ. ಫೋನಿನಲ್ಲಿ ಒಂದು ಲರ್ನರ್ಸ್ ಡಿಕ್ಷನರಿ, ಎಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು: ಆಕ್ಸ್‌ಫರ್ಡ್, ಕೇಂಬ್ರಿಜ್ ಅಥವಾ ಲಾಂಗ್‌ಮನ್, ಯಾವುದಾದರೂ ಸರಿ, ಮೂರೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಕಾಗದದ ಕಾರ್ಡು ಬೇಡವೆನ್ನುವವರು ಇದೇ ಕೆಲಸ ಪರದೆಯ ಮೇಲೆ ಮಾಡುವ ಆಂಕಿ ಎಂಬ ತಂತ್ರಾಂಶ ಹಾಕಿಕೊಳ್ಳಬಹುದು. ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನಿಗೆ ಮಾತ್ರ ಹಣ ಕೊಡಬೇಕು. ನನ್ನ ಮಾತು ಕೇಳಿದರೆ ಮೊದಲ ತಿಂಗಳು ಡಬ್ಬಿಯೇ ಇರಲಿ. ಫೋನ್ ತೆರೆದವನು ಆಂಕಿಗೆ ಹೋಗುವ ಮೊದಲು ಬೇರೆ ಎಲ್ಲೆಲ್ಲೋ ಹೋಗಿ ಬರುತ್ತಾನೆ.

"30 ದಿನದಲ್ಲಿ ಸಾವಿರ ಶಬ್ದ" ಎಂದು ಮುಖಪುಟದಲ್ಲಿ ಅಚ್ಚಾದ ಪುಸ್ತಕ ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ, ಪರೀಕ್ಷೆಯ ಕೊನೆಯ ತಿಂಗಳಲ್ಲಿ ನಿಮಗೆಷ್ಟು ಬರುತ್ತದೆ ಎಂದು ತಾಳೆ ನೋಡಲು ಬೇಕಾಗುತ್ತದೆ.

## ಹಂತ 1: ಪದವನ್ನು ಓದಿನಿಂದ ಹೆಕ್ಕಿ

ದಿನಕ್ಕೆ ಒಂದು ಬರಹ ಸಾಕು. ಒಂದೇ ಸುದ್ದಿಯನ್ನು ಮೊದಲು ಪ್ರಜಾವಾಣಿಯಲ್ಲಿ ಓದಿ, ಆಮೇಲೆ ಡೆಕ್ಕನ್ ಹೆರಾಲ್ಡ್ ಅಥವಾ ಹಿಂದೂ ಪತ್ರಿಕೆಯಲ್ಲಿ ಓದಿ. ಸಂಗತಿ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷಿನಲ್ಲಿ ಗಮನವೆಲ್ಲ ಪದದ ಮೇಲೆ ಬೀಳುತ್ತದೆ. ತೊಗರಿ ದರ, ಭೀಮಾ ನದಿಯ ನೀರು, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ, ಹೀಗೆ ನಿಮ್ಮ ಬದುಕಿಗೆ ಹತ್ತಿರದ ಸುದ್ದಿಯಾದರೆ ಇನ್ನೂ ಒಳ್ಳೆಯದು.

ಗೊತ್ತಿಲ್ಲದ ಪದ ಹದಿನೈದು ಸಿಕ್ಕರೂ ಎಂಟಕ್ಕಿಂತ ಹೆಚ್ಚು ಆರಿಸಬೇಡಿ. ಯಾವ ಎಂಟು? ಹಿಂದೆ ಎಲ್ಲೋ ಕಂಡ ನೆನಪಿರುವವು ಮೊದಲು. ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ಡಿಕ್ಷನರಿಯಲ್ಲಿ ಪಕ್ಕಕ್ಕೆ ಬಿ2 ಅಥವಾ ಸಿ1 (ಮಧ್ಯಮ ದಾಟಿದ, ಮುಂದುವರಿದ ಕಲಿಕೆ) ಎಂಬ ಮಟ್ಟದ ಗುರುತು ಇರುವವು ಆಮೇಲೆ. ಗುರುತೇ ಇಲ್ಲದ ವಿಚಿತ್ರ ಪದಗಳನ್ನು ಬಿಟ್ಟುಬಿಡಿ. ಯಾವುದರಿಂದ ಶುರು ಮಾಡಬೇಕು ಎಂದು ತೋಚದವರು ಆವರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ (ಕಾಲೇಜು ಓದಿನಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿ) ಪಕ್ಕದಲ್ಲಿ ಇಟ್ಟುಕೊಳ್ಳಲಿ. ಅದರಲ್ಲಿರುವುದು 570 ಪದಕುಟುಂಬ. ನೀವು ಓದಿದ ಬರಹದ ಪದ ಆ ಪಟ್ಟಿಯಲ್ಲೂ ಇದ್ದರೆ ಕಣ್ಣುಮುಚ್ಚಿ ಆರಿಸಿ.

## ಹಂತ 2: ಮೊದಲು ಊಹೆ, ಆಮೇಲೆ ಡಿಕ್ಷನರಿ

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದ್ದು ಕಲಬುರಗಿ, ಯಾದಗಿರಿ ಕಡೆಯವರಿಗೆ ನೆನಪಿದೆ. "ದಿ ಫ್ಲಡ್ ಇನಂಡೇಟೆಡ್ ಸೆವರಲ್ ವಿಲೇಜಸ್" ಎಂದು ಓದಿದರೆ ಇನಂಡೇಟ್ ಎಂಬುದರ ಅರ್ಥ ಯಾರೂ ಹೇಳಬೇಕಿಲ್ಲ, ಮುಳುಗಿಸು. ಊಹೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಆಮೇಲೆ ಡಿಕ್ಷನರಿ ತೆರೆಯಿರಿ. ಅಲ್ಲಿ ಎರಡನೇ ಅರ್ಥವೂ ಸಿಗುತ್ತದೆ: ಕಚೇರಿಯೊಂದು ದೂರುಗಳಿಂದ ಇನಂಡೇಟೆಡ್ ಆಯಿತು ಎಂದರೆ ಅಲ್ಲಿ ನೀರು ಹೊಕ್ಕಿಲ್ಲ, ದೂರು ರಾಶಿ ಬಿದ್ದಿವೆ. ಊಹೆ ತಪ್ಪಾದರೂ ನಷ್ಟವಿಲ್ಲ. ತಪ್ಪಿದ ಊಹೆಯ ಪದ ಸುಲಭಕ್ಕೆ ಮರೆಯುವುದಿಲ್ಲ.

ಇಂಗ್ಲಿಷ್–ಕನ್ನಡ ನಿಘಂಟು ಕೊನೆಗೆ ತೆರೆಯಿರಿ. ಮೊದಲೇ ತೆರೆದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಒಬ್ಬ ಹುಡುಗಿ ಫೋನಿನ ಯಾವುದೋ ಆ್ಯಪ್‌ನಲ್ಲಿ ನೋಟೋರಿಯಸ್ ಎಂದರೆ "ಪ್ರಸಿದ್ಧ" ಎಂದು ಕಂಡುಕೊಂಡು, ಪ್ರಬಂಧದಲ್ಲಿ ತನ್ನ ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಭಕ್ತಿಯಿಂದ ನೋಟೋರಿಯಸ್ ಎಂದು ಬರೆದಳು. ಕೆಟ್ಟದ್ದಕ್ಕೆ ಹೆಸರಾದವನು ಮಾತ್ರ ನೋಟೋರಿಯಸ್. ಲರ್ನರ್ಸ್ ಡಿಕ್ಷನರಿ ಈ ವ್ಯತ್ಯಾಸವನ್ನು ಮೊದಲ ಸಾಲಲ್ಲೇ ಹೇಳುತ್ತದೆ, ಅದೂ ಸುಲಭ ಪದಗಳಲ್ಲಿ. ಲಾಂಗ್‌ಮನ್ ಡಿಕ್ಷನರಿಯಂತೂ ಅರ್ಥ ಬರೆಯಲು ಸುಮಾರು 2,000 ಪದಗಳ ಗಡಿ ಹಾಕಿಕೊಂಡಿದೆ.

ಇನ್ನೊಂದು ಬಗೆಯ ಪದಗಳು ನಿಮಗೆ ಗೊತ್ತು ಎಂದೇ ಮೋಸ ಮಾಡುತ್ತವೆ, ಯಾಕೆಂದರೆ ಅವು ಕನ್ನಡದೊಳಗೆ ಬಂದು ಬೇರೆ ಸಂಸಾರ ಹೂಡಿವೆ. ಸಾಲ ಸ್ಯಾಂಕ್ಷನ್ ಆಯಿತು ಎಂದರೆ ನಮಗೆ ಸಂತೋಷ. ಆದರೆ ಒಂದು ದೇಶದ ಮೇಲೆ ಇನ್ನೊಂದು ದೇಶ ಸ್ಯಾಂಕ್ಷನ್ಸ್ ಹೇರಿತು ಎಂದರೆ ಅದು ದಿಗ್ಬಂಧನ, ಶಿಕ್ಷೆ. ಒಂದೇ ಪದಕ್ಕೆ ಒಪ್ಪಿಗೆಯೂ ಅರ್ಥ, ದಂಡನೆಯೂ ಅರ್ಥ. ಸೆಂಟಿಮೆಂಟ್ ಎಂದರೆ ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ನಿಲ್ಲುವುದು. ಷೇರುಪೇಟೆಯ ಸುದ್ದಿಯಲ್ಲಿ ಹೂಡಿಕೆದಾರರ ಮನಸ್ಸಿನ ಒಲವು. ಇಂಥವನ್ನು ಎಂಟರಲ್ಲಿ ಒಂದಾಗಿ ಲೆಕ್ಕ ಹಿಡಿಯಿರಿ. ಪರೀಕ್ಷೆಯಲ್ಲಿ ಅಂಕ ತಿನ್ನುವುದು ಇವೇ.

## ಹಂತ 3: ಕಿವಿಗೆ ಹಾಕಿಕೊಳ್ಳಿ

ಡಿಕ್ಷನರಿಯಲ್ಲಿ ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿ ಮೂರು ಸಲ ಕೇಳಿ, ಮೂರು ಸಲ ಬಾಯಿಬಿಟ್ಟು ಹೇಳಿ. ಕನ್ನಡದಲ್ಲಿ ಬರೆದಂತೆ ಓದುವುದು ನಮಗೆ ರಕ್ತಗತ, ಇಂಗ್ಲಿಷಿನಲ್ಲಿ ಅದು ನಡೆಯುವುದಿಲ್ಲ. ಅತಿಶಯೋಕ್ತಿಗೆ ಹೈಪರ್ಬೊಲಿ ಎನ್ನಬೇಕು, ಹೈಪರ್‌ಬೋಲ್ ಎಂದರೆ ತಪ್ಪು. ಎಪಿಟಮಿ ಸರಿ, ಎಪಿಟೋಮ್ ತಪ್ಪು. ಸಟಲ್ ಮತ್ತು ಡೆಟ್ ಪದಗಳ ಸ್ಪೆಲಿಂಗಿನಲ್ಲಿ ಬಿ ಅಕ್ಷರ ಇದೆ, ಬಾಯಲ್ಲಿ ಇಲ್ಲ.

ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ನಾಚಿಕೆ ಬೇಡ. ಆದರೆ ಅದೊಂದನ್ನೇ ಬರೆದರೆ ಸ್ಪೆಲಿಂಗ್ ಕೈತಪ್ಪುತ್ತದೆ. ಎರಡೂ ಇರಲಿ.

## ಹಂತ 4: ಕಾರ್ಡ್ ಬರೆಯುವುದು

ಬಹಳ ಮಂದಿ ಸೋಲುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ನಿಧಾನಿಸುತ್ತೇನೆ.

ಕಾರ್ಡಿನ ಮುಂಬದಿಯಲ್ಲಿ ಪದವೊಂದನ್ನೇ ಬರೆಯಬೇಡಿ. ನೀವು ಓದಿದ ವಾಕ್ಯ ಬರೆದು, ಪದ ಇದ್ದ ಜಾಗದಲ್ಲಿ ಖಾಲಿ ಗೆರೆ ಎಳೆಯಿರಿ, ಮೊದಲ ಅಕ್ಷರ ಮಾತ್ರ ಉಳಿಸಿ. ಹಿಂಬದಿಯಲ್ಲಿ ಪದ, ಸ್ಪೆಲಿಂಗ್, ಉಚ್ಚಾರ, ನಿಮ್ಮ ಮನೆಮಾತಿನಲ್ಲಿ ಅರ್ಥ, ಕೊನೆಗೆ ಜೊತೆಪದ.

ಮನೆಮಾತಿನಲ್ಲಿ ಎಂದೆ, ಪುಸ್ತಕದ ಕನ್ನಡದಲ್ಲಿ ಅಲ್ಲ. ರಿಲಕ್ಟಂಟ್ ಎಂಬುದಕ್ಕೆ ನಿಘಂಟು "ವಿಮುಖ, ಅನಿಚ್ಛುಕ" ಎನ್ನಬಹುದು. ಈಗ ನೆನಪಿಡಬೇಕಾದ ಕಠಿಣ ಪದ ಒಂದಿದ್ದದ್ದು ಎರಡಾಯಿತು. "ಒಲ್ಲೆ ಒಲ್ಲೆ ಅನ್ಕೋತ ಹೋಗಾಂವ" ಎಂದು ಬರೆದರೆ ಮುಗಿಯಿತು. ಮೆಟಿಕ್ಯುಲಸ್ ಎಂದರೆ ಬೀದರಿನ ಬಿದರಿ ಕೆಲಸದವರು ಕೆತ್ತಿದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುವ ಕೈ. ಅದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಸ್ಕಾರ್ಚಿಂಗ್ ಮತ್ತು ಸಲ್ಟ್ರಿ ಎರಡಕ್ಕೂ "ಬಿಸಿಯಾದ" ಎಂದು ಬರೆದುಕೊಂಡರೆ ಎರಡೂ ಕೆಡುತ್ತವೆ. ಮೇ ತಿಂಗಳ ಕಲಬುರಗಿ ಸ್ಕಾರ್ಚಿಂಗ್, ಒಣ ಬಿಸಿಲು, ಚರ್ಮ ಸುಡುತ್ತದೆ. ಅದೇ ತಿಂಗಳ ಮಂಗಳೂರು ಸಲ್ಟ್ರಿ, ಬೆವರಿ ಅಂಗಿ ಮೈಗೆ ಅಂಟುತ್ತದೆ.

ಜೊತೆಪದ ಎಂದರೇನು? ನಮ್ಮ ಕಡೆ ರೊಟ್ಟಿ ಬಡಿಯುತ್ತಾರೆ, ಚಪಾತಿ ಲಟ್ಟಿಸುತ್ತಾರೆ. ಯಾರಾದರೂ "ರೊಟ್ಟಿ ಲಟ್ಟಿಸಿದೆ" ಎಂದರೆ ಅರ್ಥವಾಗುತ್ತದೆ, ಆದರೆ ಆಕೆ ಈ ಊರಿನವಳಲ್ಲ ಎಂದು ತಕ್ಷಣ ತಿಳಿಯುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. ಅಲೀವಿಯೇಟ್, ಮಿಟಿಗೇಟ್, ಅಬೇಟ್ ಮೂರಕ್ಕೂ ನೋಟ್‌ಬುಕ್ಕಿನಲ್ಲಿ "ಕಡಿಮೆ ಮಾಡು" ಎಂದೇ ಇರುತ್ತದೆ. ಆದರೆ ಅಲೀವಿಯೇಟ್ ಹೋಗಿ ಕೂಡುವುದು ನೋವು, ಬಡತನಗಳ ಜೊತೆ. ಮಿಟಿಗೇಟ್ ಕೂಡುವುದು ಅಪಾಯ ಮತ್ತು ದುಷ್ಪರಿಣಾಮಗಳ ಜೊತೆ. ಅಬೇಟ್ ಹೆಚ್ಚಾಗಿ ತಾನಾಗೇ ಆಗುತ್ತದೆ, ಮಳೆ, ಬಿರುಗಾಳಿ, ಪ್ರವಾಹ ಇಳಿಯುವಂತೆ. ಎಕ್ಸಾಸರ್ಬೇಟ್ ಆಗಬೇಕಾದರೆ ಸಂಗತಿ ಮೊದಲೇ ಕೆಟ್ಟಿರಬೇಕು, ಈಗ ಇನ್ನಷ್ಟು ಕೆಟ್ಟಿತು. ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ನಾಲ್ಕು ಆಯ್ಕೆಗಳೂ ಸರಿ ಎನಿಸಿದಾಗ ಕೈ ಹಿಡಿಯುವುದು ಈ ಸಾಲು.

ಪದದ ತೂಕಕ್ಕೂ ಒಂದು ಗುರುತು ಹಾಕಿ. ಫ್ರೂಗಲ್ ಎಂದರೆ ಹಿತಮಿತವಾಗಿ ಖರ್ಚು ಮಾಡುವವ, ಪ್ಲಸ್. ಮೈಸರ್ಲಿ ಎಂದರೆ ಜಿಪುಣ, ಮೈನಸ್. ಇಬ್ಬರೂ ಉಳಿಸುವ ಹಣ ಒಂದೇ ಇರಬಹುದು.

371ಜೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರು ಆ ವಿಧಿಯ ಇಂಗ್ಲಿಷ್ ಪಾಠವನ್ನು ಒಮ್ಮೆ ತೆಗೆದು ನೋಡಿ. ಅಲ್ಲಿರುವುದು ಈಕ್ವಿಟಬಲ್ ಎಂಬ ಪದ, ಈಕ್ವಲ್ ಅಲ್ಲ. ಈಕ್ವಲ್ ಎಂದರೆ ಎಲ್ಲರಿಗೂ ಅಳೆದು ಸಮ. ಈಕ್ವಿಟಬಲ್ ಎಂದರೆ ಅವರವರ ಸ್ಥಿತಿ ನೋಡಿ ನ್ಯಾಯವಾಗಿ. ನಮ್ಮ ಏಳು ಜಿಲ್ಲೆಗಳ ಹುಡುಗರ ನೌಕರಿ ಆ ಎರಡು ಪದಗಳ ನಡುವಿನ ಅಂತರದಲ್ಲಿದೆ. ಇಂಥ ಕಾರ್ಡ್ ಒಂದು ಬರೆದರೆ ಹತ್ತು ಬಾಯಿಪಾಠಕ್ಕೆ ಸಮ.

## ಹಂತ 5: ಐದು ಖಾನೆಯ ಡಬ್ಬಿ

ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನ ಇದು. ಹೊಸ ಕಾರ್ಡೆಲ್ಲ ಒಂದನೇ ಖಾನೆಗೆ. ಒಂದನೇ ಖಾನೆಯನ್ನು ದಿನಾ ನೋಡಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಪದ ನೆನಪಾದರೆ ಕಾರ್ಡ್ ಮುಂದಿನ ಖಾನೆಗೆ ಬಡ್ತಿ. ತಪ್ಪಿದರೆ ಎಲ್ಲಿದ್ದರೂ ಸೀದಾ ಒಂದನೇ ಖಾನೆಗೆ ವಾಪಸ್.

ನಿಯಮ ಒಂದೇ: ಹಿಂಬದಿ ತಿರುಗಿಸುವ ಮೊದಲು ಉತ್ತರ ಬಾಯಿಂದ ಹೊರಗೆ ಬಂದಿರಬೇಕು. "ಹಾಂ, ಇದು ನನಗೆ ಗೊತ್ತಿತ್ತು" ಎಂದು ತಿರುಗಿಸಿ ನೋಡಿ ಹೇಳುವುದು ನಾವು ನಮಗೇ ಮಾಡುವ ಮೋಸ. ಪದೇ ಪದೇ ಓದಿದಾಗ ಪುಟ ಪರಿಚಿತವಾಗುತ್ತದೆ, ಪದ ಪರಿಚಿತವಾದ ಹಾಗೆ ಭಾಸವಾಗುತ್ತದೆ. ಐದು ಸೆಕೆಂಡ್ ತಿಣುಕಾಡಿ ಹೊರತೆಗೆದ ಪದವೇ ಉಳಿಯುವುದು. ಮರೆತುಹೋಗುವ ಹೊತ್ತಿಗೆ ಸರಿಯಾಗಿ ಮತ್ತೆ ಕೆದಕುವುದೇ ಈ ಡಬ್ಬಿಯ ಕೆಲಸ.

ವಾಡಿ, ಶಹಾಬಾದ್ ಕಡೆಯಿಂದ ದಿನಾ ರೈಲಿನಲ್ಲಿ ಬರುವವರು ಒಂದನೇ ಖಾನೆಯ ಕಾರ್ಡುಗಳಿಗೆ ರಬ್ಬರ್ ಹಾಕಿ ಜೇಬಿಗಿಡಿ. ಕೂರಲು ಸೀಟು ಸಿಗದಿದ್ದರೂ ಇಪ್ಪತ್ತು ಕಾರ್ಡ್ ಮುಗಿಯುತ್ತವೆ. ಎಂಟರ ಲೆಕ್ಕದಲ್ಲಿ ವಾರಕ್ಕೆ ಆರು ದಿನ ಮಾಡಿದರೆ ತಿಂಗಳಿಗೆ ಸುಮಾರು 200 ಪದ. ಏಳನೇ ದಿನ ಹೊಸ ಪದ ಬೇಡ, ಹಳೆಯದರ ಬಾಕಿ ತೀರಿಸಿ.

## ಹಂತ 6: ಕೈ ಮತ್ತು ಬಾಯಿ

ಕಾರ್ಡ್ ಮೂರನೇ ಖಾನೆ ತಲುಪಿದ ದಿನ ಆ ಪದ ಬಳಸಿ ಸ್ವಂತ ವಾಕ್ಯ ಒಂದು ಬರೆಯಿರಿ. ವಾಕ್ಯ ನಿಮ್ಮ ಬದುಕಿನದ್ದಾಗಿರಲಿ: ನಿಮ್ಮ ಅಣ್ಣ, ನಿಮ್ಮ ಹೊಲ, ನಿಮ್ಮ ರೂಮ್‌ಮೇಟ್. "ಹೀ ಈಸ್ ರಿಲಕ್ಟಂಟ್" ಎಂದು ನಿಲ್ಲಿಸಿದರೆ ಅದು ವಾಕ್ಯವಲ್ಲ, ತಪ್ಪಿಸಿಕೊಳ್ಳುವ ದಾರಿ. ಏನು ಮಾಡಲು ರಿಲಕ್ಟಂಟ್, ಯಾಕೆ, ಎಂಬುದು ಬರಬೇಕು. ಬರೆದದ್ದನ್ನು ಡಿಕ್ಷನರಿಯ ಉದಾಹರಣೆ ವಾಕ್ಯದ ಪಕ್ಕ ಇಟ್ಟು ನೋಡಿ, ರಿಲಕ್ಟಂಟ್ ನಂತರ ಟು ಬಂದಿದೆಯೇ ಎಂದು. ಹಿಂದೆ ಮುಂದೆ ಬರುವ ಸಣ್ಣ ಪದಗಳಲ್ಲೇ ನಮ್ಮವರು ಸಿಕ್ಕಿಬೀಳುವುದು.

ಮಾತಿನಲ್ಲಿ ಕಠಿಣ ಪದ ತುರುಕಬೇಡಿ. ಸಂದರ್ಶನದಲ್ಲಿ ಒಂದೇ ಉಸಿರಿಗೆ ನಾಲ್ಕು ದೊಡ್ಡ ಪದ ಉದುರಿಸಿದವನನ್ನು ಐದನೆಯ ಪ್ರಶ್ನೆ ಬಯಲಿಗೆಳೆಯುತ್ತದೆ.

## ಹಂತ 7: ಬೇರು ಮತ್ತು ಅವಳಿಗಳು, 200 ಪದ ಆದ ಮೇಲೆ

ಬೇರು ಹಿಡಿದು ಕಲಿಯುವುದು ಒಳ್ಳೆಯ ಉಪಾಯ, ಆದರೆ ಮೊದಲ ದಿನದ ಉಪಾಯ ಅಲ್ಲ. ಡಬ್ಬಿಯಲ್ಲಿ ಪದಗಳು ಇದ್ದರೆ ತಾನೇ ಅವುಗಳ ನೆಂಟಸ್ತಿಕೆ ಹುಡುಕುವುದು? ಬೆನೆ ಎಂದರೆ ಒಳಿತು: ಬೆನಿಫಿಟ್, ಬೆನಿಫ್ಯಾಕ್ಟರ್, ಬೆನೆವಲೆಂಟ್. ಮ್ಯಾಲ್ ಎಂದರೆ ಕೆಡುಕು: ಮ್ಯಾಲಿಸ್, ಮ್ಯಾಲೆವಲೆಂಟ್, ಮ್ಯಾಲ್‌ನ್ಯೂಟ್ರಿಷನ್. ಕ್ರೆಡ್ ಎಂದರೆ ನಂಬಿಕೆ: ಕ್ರೆಡಿಟ್, ಕ್ರೆಡಿಬಲ್, ಇನ್‌ಕ್ರೆಡ್ಯುಲಸ್.

ಎಚ್ಚರಿಕೆ ಏನೆಂದರೆ ಬೇರು ಸುಳಿವು ಕೊಡುತ್ತದೆ, ಸಾಕ್ಷಿ ಹೇಳುವುದಿಲ್ಲ. ಪದದ ಮೊದಲಿಗೆ ಇನ್ ಇದ್ದರೆ "ಇಲ್ಲ" ಎಂದುಕೊಂಡವರಿಗೆ ರಸ್ತೆಯ ಮೇಲೆ ಹೋಗುವ ಟ್ಯಾಂಕರ್ ಲಾರಿ ಪಾಠ ಕಲಿಸುತ್ತದೆ: ಅದರ ಬೆನ್ನ ಮೇಲಿನ ಇನ್‌ಫ್ಲೇಮಬಲ್ ಎಂದರೆ ಬೇಗ ಬೆಂಕಿ ಹತ್ತುವಂಥದ್ದು. ಇನ್‌ವ್ಯಾಲ್ಯುಯಬಲ್‌ನಲ್ಲಿ ಇನ್ "ಇಲ್ಲ" ಎಂದೇ ಇದ್ದರೂ ಅರ್ಥ ಬೆಲೆ ಇಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ನಮ್ಮಲ್ಲೂ ಅನ್ಯಾಯದ ಅಕಾರ ಇಲ್ಲ ಎನ್ನುತ್ತದೆ, ಹಾಗಂತ ಅರಸ ರಸವಿಲ್ಲದವನಾಗುವುದಿಲ್ಲ.

ಅವಳಿ ಪದಗಳು ಇನ್ನೊಂದು ತಲೆನೋವು. ಇಮಿನೆಂಟ್ ಎಂದರೆ ಇನ್ನೇನು ಆಗಿಯೇಬಿಡುವ, ಎಮಿನೆಂಟ್ ಎಂದರೆ ಹೆಸರಾಂತ. ಪ್ರಾಸಿಕ್ಯೂಟ್ ಎಂದರೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸು, ಪರ್ಸಿಕ್ಯೂಟ್ ಎಂದರೆ ಪೀಡಿಸು, ಹಿಂಸಿಸು. ಗೈಡುಗಳಲ್ಲಿ ಇವನ್ನು ಜೋಡಿ ಜೋಡಿಯಾಗಿ ಅಚ್ಚು ಹಾಕಿರುತ್ತಾರೆ, ಹಾಗೆ ಕಲಿತವರಿಗೆ ಜನ್ಮಪೂರ್ತಿ ಯಾವುದು ಯಾವುದೆಂದು ಅನುಮಾನ. ಒಂದೇ ತೆರನ ಪದಗಳನ್ನು ಹೊಸದರಲ್ಲಿ ಒಟ್ಟಿಗೆ ಕಲಿತರೆ ಒಂದಕ್ಕೊಂದು ಅಡ್ಡ ಬರುತ್ತವೆ. ಇಮಿನೆಂಟ್ ಮೊದಲು ಬರಲಿ, ನಾಲ್ಕನೇ ಖಾನೆ ದಾಟಲಿ, ಆಮೇಲೆ ಎಮಿನೆಂಟ್‌ಗೆ ಬಾಗಿಲು ತೆರೆಯಿರಿ. ಪರ್ಯಾಯ ಪದಗಳ ಪಟ್ಟಿಗೂ ಇದೇ ಮಾತು.

## ದಾರಿ ತಪ್ಪುತ್ತಿದೆ ಎಂಬುದರ ಗುರುತುಗಳು

ಡಬ್ಬಿಯ ಒಂದನೇ ಖಾನೆ ದಪ್ಪವಾಗುತ್ತಾ ಹೋಗಿ ನಾಲ್ಕನೆಯದು ಖಾಲಿಯೇ ಉಳಿದಿದ್ದರೆ, ಹೊಸ ಪದ ಹೆಚ್ಚಾಗಿವೆ. ಎಂಟನ್ನು ನಾಲ್ಕಕ್ಕೆ ಇಳಿಸಿ.

ಒಂದೇ ಕಾರ್ಡ್ ಐದಾರು ಸಲ ವಾಪಸ್ ಬಂದರೆ ತಪ್ಪು ನಿಮ್ಮ ನೆನಪಿನದಲ್ಲ, ಕಾರ್ಡಿನದು. ಹರಿದು ಹಾಕಿ, ಬೇರೆ ವಾಕ್ಯದೊಂದಿಗೆ ಹೊಸದು ಬರೆಯಿರಿ.

ಕಾರ್ಡ್ ಕಂಡ ಕೂಡಲೇ ಅದರ ಮೂಲೆಯ ಕಲೆಯಿಂದಲೋ ಲಗ್ನಪತ್ರಿಕೆಯ ಬಣ್ಣದಿಂದಲೋ ಉತ್ತರ ಹೊಳೆಯುತ್ತಿದ್ದರೆ ನೀವು ಕಲಿತದ್ದು ಕಾರ್ಡನ್ನು, ಪದವನ್ನಲ್ಲ. ಇದು ನನಗೇ ಆಗಿತ್ತು. ಗಣಪತಿ ಚಿತ್ರದ ಅಂಚು ಕಂಡರೆ ಸಾಕು, ಟೆನೇಶಿಯಸ್ ಎನ್ನುತ್ತಿದ್ದೆ.

ಮಾದರಿ ಪರೀಕ್ಷೆಯಲ್ಲಿ "ಎಲ್ಲೋ ನೋಡಿದ್ದೇನೆ" ಎಂಬ ಭಾವದ ಮೇಲೆ ಉತ್ತರಿಸಿದ ಪ್ರಶ್ನೆಗಳಿಗೆ ಪಕ್ಕದಲ್ಲಿ ಚುಕ್ಕೆ ಇಡಿ. ಎಸ್‌ಎಸ್‌ಸಿ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಚುಕ್ಕೆ ಇಟ್ಟವುಗಳಲ್ಲಿ ಹೆಚ್ಚಿನವು ತಪ್ಪಾಗಿದ್ದರೆ ನಿಮ್ಮ ಪದಗಳು ಇನ್ನೂ ಎರಡನೇ ಖಾನೆಯಲ್ಲೇ ಇವೆ ಎಂದರ್ಥ. ಪರೀಕ್ಷೆಗೆ ಹದಿನೈದು ದಿನ ಉಳಿದಾಗ ಹೊಸ ಕಾರ್ಡ್ ಪೂರ್ತಿ ನಿಲ್ಲಿಸಿ.

ಇನ್ನು ಲಗ್ನದ ಸೀಸನ್, ಜಾತ್ರೆ, ರಾಶಿಯ ಕೆಲಸ. ಎಂಟು ದಿನ ಡಬ್ಬಿ ಮುಟ್ಟದೆ ಊರಿಗೆ ಹೋಗಿ ಬಂದಿರುತ್ತೀರಿ, ತೆರೆದರೆ ನೂರಾರು ಕಾರ್ಡಿನ ಬಾಕಿ. ಬಹಳ ಮಂದಿ ಡಬ್ಬಿಯನ್ನು ಅಟ್ಟಕ್ಕೆ ಏರಿಸುವುದು ಆ ದಿನವೇ. ಎಲ್ಲವನ್ನೂ ಒಂದೇ ರಾತ್ರಿ ತೀರಿಸಲು ಕೂರಬೇಡಿ. ಹೊಸ ಪದ ಬಂದ್ ಮಾಡಿ, ನಾಲ್ಕು ಮತ್ತು ಐದನೇ ಖಾನೆ ಹಾಗೇ ಇರಲಿ. ದಿನಕ್ಕೆ ಮೂವತ್ತರಂತೆ ಒಂದನೇ ಖಾನೆಯಿಂದ ಶುರು ಮಾಡಿ; ವಾರದೊಳಗೆ ಬಾಕಿ ಮುಗಿದಿರುತ್ತದೆ. ಊರಿಂದ ತಂದ ಹೊಸ ಲಗ್ನಪತ್ರಿಕೆಗಳನ್ನು ಅಷ್ಟರೊಳಗೆ ಕತ್ತರಿಸಿಟ್ಟುಕೊಳ್ಳಿ.